ಲೈಡನ್‌ಗೆ ಬರಬಹುದಾ ಅಂತ ಕೇಳಿದ ಬದಿಯಡ್ಕದ ತಮ್ಮನಿಗೆ

ತಮ್ಮಾ, ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಸ್ಯಾಟಲೈಟ್ ಉಪಕರಣ ಮಾಡುವ ಟೀಮಿನಲ್ಲಿ ಕೆಲಸ ಸಿಕ್ಕಿದೆ, ಬರಬಹುದಾ, ಜೀವನ ಹೇಗುಂಟು, ಅಮ್ಮನನ್ನು ಒಬ್ಬರನ್ನೇ ಬಿಟ್ಟು ಬಂದ್ರೆ ಆಗ್ತದಾ ಅಂತ ಕೇಳಿದ್ದಿಯಲ್ಲ, ನಾನು ಪೆರ್ಲದವ, ಇದೇ ಕೆಲಸದಲ್ಲಿ ಇಲ್ಲಿ ಸೆಟ್ಲ್ ಆಗಿ ಸುಮಾರು ವರ್ಷ ಆಯ್ತು. ಬಾ ಅಂತಲೇ ಹೇಳ್ತೇನೆ. ಆದ್ರೆ ಇಲ್ಲಿ ನಿನ್ನ ದಿನಗಳು ಹೇಗಿರ್ತವೆ ಅನ್ನುದು ಊರಿನ ಮೇಲಲ್ಲ, ನಿನ್ನ ಪ್ರಾಜೆಕ್ಟ್ ಯಾವ ಹಂತದಲ್ಲುಂಟು ಅನ್ನುದರ ಮೇಲೆ.

ಟ್ರೋಪೋಮಿಯನ್ನೇ ತಗೋ, ಗಾಳಿಯಲ್ಲಿರುವ ಅನಿಲಗಳನ್ನು ಮೇಲಿಂದ ಅಳೆಯುವ ಉಪಕರಣ ಅದು. ಡಚ್ಚರು ಯುರೋಪಿನ ಸ್ಪೇಸ್ ಏಜೆನ್ಸಿ ಜೊತೆ ಸೇರಿ ಮಾಡಿದ್ದು, ಸೆಂಟಿನೆಲ್-5ಪಿ ಉಪಗ್ರಹದಲ್ಲಿ 2017ರ ಅಕ್ಟೋಬರ್ 13ಕ್ಕೆ ಮೇಲೆ ಹೋಯ್ತು. 824 ಕಿಮೀ ಎತ್ತರದಿಂದ ಒಂದು ಸಲಕ್ಕೆ 2600 ಕಿಮೀ ಅಗಲ ನೋಡ್ತದೆ, ಹಾಗಾಗಿ ಕಾಸರಗೋಡನ್ನೂ ದಿನಾ ಮಧ್ಯಾಹ್ನದ ಹೊತ್ತಿಗೆ ಕಾಣ್ತದೆ. ಭೂಮಿಗೆ ಬಡಿದು ವಾಪಸ್ ಬಂದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ ಯಾವ ಬಣ್ಣ ಎಲ್ಲಿ ಕಮ್ಮಿ ಆಗಿದೆ ಅಂತ ನೋಡುದು ಅಷ್ಟೇ, ನೈಟ್ರೋಜನ್ ಡಯಾಕ್ಸೈಡ್ ನೀಲಿ ಭಾಗದ ಬೆಳಕನ್ನು ಹೀರ್ತದೆ, ಮೀಥೇನ್ ಹೀರುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು, 2.3 ಮೈಕ್ರಾನ್ ತರಂಗದ ಹತ್ತಿರ. ಕಷ್ಟ ಇರುದು ಮೀಥೇನಿನಲ್ಲಿ. ಗಾಳಿಯಲ್ಲಿ ಅದು ಹೇಗೂ ಎಲ್ಲ ಕಡೆ ಉಂಟು, ಶೇಕಡಾ ಒಂದರಷ್ಟು ಹೆಚ್ಚುಕಮ್ಮಿಯನ್ನೂ ಹಿಡೀಬೇಕು, ಪಕ್ಕದ ಬಿಳಿ ಮೋಡದ ಬೆಳಕು ಉಪಕರಣದ ಒಳಗೆ ಎಲ್ಲಿಯೋ ಬಡಿದು ಬೇರೆ ಪಿಕ್ಸೆಲ್‌ಗೆ ಬಿದ್ರೆ ಲೆಕ್ಕ ಪೂರ್ತಿ ತಪ್ಪಿ ಹೋಗ್ತದೆ.

ಅದಕ್ಕೇ ಕ್ಯಾಲಿಬ್ರೇಶನ್, ಅಂದ್ರೆ ಮೇಲೆ ಕಳಿಸುವ ಮೊದ್ಲೇ ಉಪಕರಣ ಎಷ್ಟು ಸರಿ ಅಳೀತದೆ ಅಂತ ಪರೀಕ್ಷೆ ಮಾಡುದು. ಉಪಕರಣವನ್ನು ದೊಡ್ಡ ವ್ಯಾಕ್ಯೂಮ್ ಟ್ಯಾಂಕಿನ ಒಳಗಿಟ್ಟು, ಇನ್‌ಫ್ರಾರೆಡ್ ಡಿಟೆಕ್ಟರನ್ನು 140 ಕೆಲ್ವಿನ್‌ವರೆಗೆ (ಸುಮಾರು ಮೈನಸ್ 133 ಡಿಗ್ರಿ ಸೆಲ್ಸಿಯಸ್) ತಣ್ಣಗೆ ಮಾಡಿ, ಹೊರಗಿಂದ ಬೆಳಕು ಬಿಟ್ಟು, ಚೂರುಚೂರೇ ಕೋನ ತಿರುಗಿಸ್ತಾ ಹೋಗುದು. ಗಾಳಿ ತೆಗೆದು ತಣ್ಣಗಾಗ್ಲಿಕ್ಕೇ ದಿನಗಟ್ಟಲೆ ಬೇಕು, ಹಾಗಾಗಿ ಒಮ್ಮೆ ಶುರು ಮಾಡಿದ್ರೆ ರಾತ್ರಿ ಹಗಲು ಶಿಫ್ಟ್. ಮೇಲೆ ಹೋದ ಮೇಲೆ ಯಾರ ಕೈಯೂ ಮುಟ್ಟುದಿಲ್ಲ ಮಾರಾಯ, ಇಲ್ಲಿ ಅಳೆಯದೆ ಬಿಟ್ಟದ್ದು ಬಿಟ್ಟೇ ಹೋಯ್ತು. ಆ ತಿಂಗಳುಗಳಲ್ಲಿ ಊರಲ್ಲಿ ಮದುವೆ ಇರ್ಲಿ ಕೋಲ ಇರ್ಲಿ, ರಜೆ ಕೇಳ್ಲಿಕ್ಕೆ ಮನಸ್ಸೇ ಬರುದಿಲ್ಲ. ಡಿಸೈನ್ ಹಂತದಲ್ಲಾದ್ರೆ ಹಾಗಲ್ಲ, ರಜೆ ಧಾರಾಳ ಸಿಗ್ತದೆ, ಸಂಜೆ ಆರಕ್ಕೆ ಆಫೀಸ್ ಖಾಲಿ.

ನಮ್ಮ ಎಣ್ಮಕಜೆ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ವರ್ಷಗಳಲ್ಲಿ ಬೆಳೆದವ ನಾನು. ಅದನ್ನು ಈ ಉಪಗ್ರಹ ನೋಡ್ಲಿಕ್ಕೆ ಆಗುದಿಲ್ಲ, ಆದ್ರೆ ಗಾಳಿಯಲ್ಲಿ ಎಂತ ಉಂಟು ಅಂತ ಉಸಿರಾಡುವವರಿಗೆ ಗೊತ್ತಾಗಬೇಕು ಅನ್ನುದು ನನ್ನ ಮನಸ್ಸಿಗೆ ಹತ್ತಿದ್ದು ಅಲ್ಲಿಂದ. ಟ್ರೋಪೋಮಿ ಡೇಟಾ ಯಾರು ಬೇಕಾದ್ರೂ ಫ್ರೀಯಾಗಿ ಇಳಿಸಿ ನೋಡಬಹುದು, ನೀನೂ ಬರುವ ಮೊದ್ಲೇ ನೋಡು.

ಉಳಿದದ್ದು ಸಣ್ಣ ವಿಷಯ. ಬರ್ತ್ ಸರ್ಟಿಫಿಕೇಟಿಗೆ ಅಪೋಸ್ಟಿಲ್ (ಹೊರದೇಶದಲ್ಲಿ ಒಪ್ಪುವ ಸರಕಾರಿ ದೃಢೀಕರಣ) ಊರಲ್ಲೇ ಮಾಡಿಸು, ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಶಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದ್ರೆ ಈಗಲೇ ಸರಿ ಮಾಡಿಸು. ಮನೆ ಸಿಗುದು ತುಂಬ ಕಷ್ಟ, ನಗರಸಭೆಯಲ್ಲಿ ವಿಳಾಸ ರಿಜಿಸ್ಟರ್ ಮಾಡ್ಲಿಕ್ಕೆ ಬಿಡದ ರೂಮು ಬೇಡವೇ ಬೇಡ, ಅದಿಲ್ಲದೆ ಸಂಬಳ, ಬ್ಯಾಂಕು ಎಲ್ಲದಕ್ಕೂ ತೊಂದರೆ. ಕುಚ್ಚಲಕ್ಕಿ ಇಂಡಿಯನ್ ಅಂಗಡಿಯಲ್ಲಿ ಸಿಗ್ತದೆ. ಚಳಿಗಿಂತ ಡಿಸೆಂಬರಿನ ಕತ್ತಲೆ ಜಾಸ್ತಿ ಕಾಡ್ತದೆ.

ಅಮ್ಮನ ವಿಷಯಕ್ಕೆ, ಕೆಲಸಕ್ಕೆ ಸೈನ್ ಮಾಡುವ ಮೊದ್ಲು ಆ ಟೀಮಿನವರಿಗೊಂದು ಮೇಲ್ ಹಾಕು, ಟೆಸ್ಟಿಂಗ್ ಯಾವ ತಿಂಗಳು, ಯಾವ ಊರಲ್ಲಿ, ಎಷ್ಟು ಸಮಯ ಅಂತ. ಇಲ್ಲಿಯವರು ನೇರ ಹೇಳ್ತಾರೆ, ಕೇಳ್ಲಿಕ್ಕೆ ಸಂಕೋಚ ಬೇಡ. ಆ ಸಮಯಕ್ಕೆ ಅಮ್ಮನ ಜೊತೆ ಇರ್ಲಿಕ್ಕೆ ಚಿಕ್ಕಮ್ಮನೋ ಮಾವನೋ ಯಾರಾದ್ರೂ ಒಪ್ಪಿದ್ರೆ ಆಮೇಲೆ ಟಿಕೆಟ್ ಮಾಡು.