ಹೆಲ್ಮೆಟ್ಟಿಗೆ ಬಣ್ಣದ ವೇಷ ಹಾಕುವ ಮೊದ್ಲು

ಪ್ರಶ್ನೆ: ನನ್ನ ಕಪ್ಪು ಹೆಲ್ಮೆಟ್ಟಿನ ಹಿಂದೆ ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಬಿಡಿಸ್ಬೇಕು ಅಂತ ಆಸೆ ಉಂಟು. 0.3 ಎಂಎಂ ನಾಝಲ್ಲಿನ ಏರ್‌ಬ್ರಶ್ (ಗಾಳಿಯಲ್ಲಿ ಬಣ್ಣ ಸಿಂಪಡಿಸುವ ಪೆನ್ನು), ಸಣ್ಣ ಕಂಪ್ರೆಸರ್ ತರಿಸಿದ್ದೇನೆ. ಇನ್ನು ಎಂತೆಲ್ಲ ಬೇಕು? ಗ್ಯಾರೇಜಿನ ದೋಸ್ತಿ ಮೊದ್ಲು ತಿನ್ನರ್ ಹಾಕಿ ಒರೆಸು ಅಂತಾನೆ. ಈ ಮಳೆಯಲ್ಲೇ ಶುರು ಮಾಡ್ಬಹುದಾ?
– ಓದುಗರು, ಬದಿಯಡ್ಕ

ಉತ್ತರ: ದೋಸ್ತಿಯ ಮಾತು ಬೈಕಿನ ಟ್ಯಾಂಕಿಗೆ ಸರಿ, ಹೆಲ್ಮೆಟ್ಟಿಗೆ ಬೇಡವೇ ಬೇಡ ಮಾರಾಯ್ರೆ. ಟ್ಯಾಂಕ್ ತಗಡು, ಹೆಲ್ಮೆಟ್ ಹೆಚ್ಚಾಗಿ ಎಬಿಎಸ್ ಇಲ್ಲವೇ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಅದಕ್ಕೆ ತಿನ್ನರ್, ಪೆಟ್ರೋಲ್ ಎಲ್ಲ ಆಗಿ ಬರುದಿಲ್ಲ. ನಾನೇ ಒಮ್ಮೆ ಸ್ಟಿಕ್ಕರಿನ ಅಂಟು ತೆಗೀಲಿಕ್ಕೆ ಅಂತ ತಿನ್ನರ್ ಉಜ್ಜಿದ್ದೆ, ಮರುದಿನ ಬಿಸಿಲಿಗೆ ಹಿಡಿದು ನೋಡಿದ್ರೆ ಜೇಡನ ಬಲೆ ಹಾಗೆ ಸಪೂರ ಸಪೂರ ಬಿರುಕು! ಈಗ ಅದ್ರಲ್ಲಿ ಕೋಳಿ ಮೊಟ್ಟೆ ಇಡ್ತದೆ. ಒಳಗಿನ ಥರ್ಮೋಕೋಲಂತೂ ತಿನ್ನರ್ ಬಿದ್ದಲ್ಲೇ ಕರಗಿ ಹೋಗ್ತದೆ.

ಹೆಲ್ಮೆಟ್ಟಿನ ಜೊತೆ ಬಂದ ಚೀಟಿ ಓದಿ. ಪೈಂಟ್ ಮಾಡ್ಬಾರ್ದು ಅಂತ ಉಂಟಾದ್ರೆ ಅದಕ್ಕೆ ಕೈ ಹಾಕ್ಬೇಡಿ, ಹಳೇದೊಂದಕ್ಕೆ ಬಿಡಿಸಿ ಶೋಕೇಸಲ್ಲಿಡಿ.

ಮಾಡ್ಬಹುದಾದ್ರೆ ವೈಸರ್, ಒಳಗಿನ ಬಟ್ಟೆ ಎಲ್ಲ ಬಿಚ್ಚಿ, ಸ್ಕ್ರೂ ಒಂದು ಡಬ್ಬಿಗೆ ಹಾಕಿ, ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. 800 ನಂಬ್ರದ ವಾಟರ್ ಪೇಪರ್ ನೀರಲ್ಲಿ ಅದ್ದಿ ಮೆಲ್ಲಗೆ ತಿಕ್ಕಿ, ಹೊಳಪು ಹೋದ್ರೆ ಸಾಕು, ಕಂಪನಿ ಪೈಂಟ್ ದಾಟಿ ಪ್ಲಾಸ್ಟಿಕ್ ಕಾಣ್ಬಾರ್ದು, ಯಾಕಂದ್ರೆ ಮೇಲೆ ಹಾಕುವ ಬಣ್ಣದಿಂದ ಪ್ಲಾಸ್ಟಿಕ್ಕನ್ನು ಕಾಯುದು ಅದೇ. ಮತ್ತೆ ಬರಿಗೈಯಲ್ಲಿ ಮುಟ್ಲಿಕ್ಕಿಲ್ಲ, ನಮ್ಮೂರಿನವರ ಕೈಯಲ್ಲಿ ತೆಂಗಿನೆಣ್ಣೆ ಇದ್ದೇ ಇರ್ತದೆ, ಎಣ್ಣೆ ತಾಗಿದಲ್ಲಿ ಬಣ್ಣ ಹಿಡಿಯುದಿಲ್ಲ. ಅಂಚಿನ ರಬ್ಬರಿಗೆ ಮಾಸ್ಕಿಂಗ್ ಟೇಪ್ ಹಾಕಿ ಹಳೇ ಎಟಿಎಂ ಕಾರ್ಡಿನ ಮೂಲೆಯಿಂದ ಸಂದಿಗೆ ಒತ್ತಿ, ಅಡಿಯ ಬಾಯಿಗೆ ಪೇಪರ್ ಮುಚ್ಚಿ, ಐಎಸ್‌ಐ ಗುರುತಿನ ಮೇಲೂ ಒಂದು ತುಂಡು ಟೇಪ್.

ಬಣ್ಣ ನೀರಲ್ಲಿ ಕರಗುವ ಏರ್‌ಬ್ರಶ್ ಅಕ್ರಿಲಿಕ್ಕೇ ತಗೊಳ್ಳಿ, ಹಾಲಿನಷ್ಟು ತೆಳು ಇರ್ಲಿ, ಒತ್ತಡ 20-25 ಪಿಎಸ್‌ಐ. ಕಪ್ಪಿನ ಮೇಲೆ ಕೆಂಪು ಸೀದಾ ಹೊಡೆದ್ರೆ ಕಾಣುದೇ ಇಲ್ಲ, ಮುಖದ ಜಾಗಕ್ಕೆ ಮೊದ್ಲು ಬಿಳಿ, ಅದೂ ತೆಳುವಾಗಿ ಮೂರ್ನಾಲ್ಕು ಸಲ, ಒಂದೊಂದು ಕೋಟ್ ಒಣಗಿದ ಮೇಲೆ ಇನ್ನೊಂದು. ಚುಟ್ಟಿಯ (ಮುಖಕ್ಕೆ ಅಕ್ಕಿ ಹಿಟ್ಟಲ್ಲಿ ಇಡುವ ಬಿಳಿ ಅಲಂಕಾರದ) ಮುಳ್ಳುಗಳಿಗೆ ಮಾತ್ರ ಏರ್‌ಬ್ರಶ್ ನಂಬ್ಬೇಡಿ, ಸಪೂರ ಕುಂಚವೇ ಆಗ್ಬೇಕು.

ಮಳೆಯ ವಿಷಯ. ಕಂಪ್ರೆಸರಿನ ಪೈಪಿನ ನಡುವೆ ನೀರು ಹಿಡಿದಿಡುವ ವಾಟರ್ ಟ್ರ್ಯಾಪ್ ಇಲ್ಲದಿದ್ರೆ ಗಾಳಿಯ ತೇವ ನೀರಾಗಿ ಬಣ್ಣದ ಜೊತೆ ಪಿಚಕ್ಕಂತ ಬಂದು ಬೀಳ್ತದೆ. ಟ್ರ್ಯಾಪ್ ಇದ್ರೆ ಬಣ್ಣ ಈಗ್ಲೇ ಹಾಕಿ, ಬಣ್ಣ ಕಾಯ್ಲಿಕ್ಕೆ ಕೊನೆಗೆ ಮೇಲೆ ಹೊಡೆಯುವ ಪಾರದರ್ಶಕ ಲ್ಯಾಕರ್ ಮಾತ್ರ ಮಳೆ ಬಿಟ್ಟ ಮೇಲೆ, ತೇವದಲ್ಲಿ ಅದು ಹಾಲು ಚೆಲ್ಲಿದ ಹಾಗೆ ಮಬ್ಬಾಗ್ತದೆ. ಹಾರ್ಡನರ್ ಬೆರೆಸುವ ಟೂಕೆ ಲ್ಯಾಕರ್ ಮನೇಲಿ ಹೊಡಿಯುದೇ ಬೇಡ, ಅದರಲ್ಲಿರುವ ಐಸೊಸೈನೇಟ್ ಅನ್ನುವ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ತಡೆಯುದಿಲ್ಲ. ಕಾರಿನ ಪೈಂಟಿಂಗ್ ಬೂತ್ ಇದ್ದಲ್ಲಿ ಕೊಡಿ, ಪ್ಲಾಸ್ಟಿಕ್ ಹೆಲ್ಮೆಟ್ ಅಂತ ಹೇಳಿಯೇ ಕೊಡಿ.

ಹೆಲ್ಮೆಟ್ಟಿಗೆ ಬಣ್ಣ ಹಾಕುವ ಮೊದ್ಲು ಒಂದು ಒಡಕು ಬಕೆಟಿನ ಮೇಲೆ ನಾಲ್ಕೈದು ಮುಖ ಬಿಡಿಸಿ ನೋಡಿ, ಬಣ್ಣದ ವೇಷದ ಕಣ್ಣು ಅಷ್ಟು ಸುಲಭಕ್ಕೆ ಬರುದಿಲ್ಲ.