ಅಶ್ವಗಂಧದ ಬೇರನ್ನು ಲ್ಯಾಬಿನಲ್ಲೇ ಬೆಳೆಸಿ ಮಾರಬಹುದೇ?

ಗದಗ ಹತ್ತಿರ ಸಣ್ಣ ಲ್ಯಾಬ್ ಹಾಕಿ ಅಶ್ವಗಂಧದ ಬೇರು ಬೆಳೆಸಿದರೆ ಅದರಲ್ಲಿ ಔಷಧದ ಸತ್ವ ಇರುತ್ತದೆಯೇ, ಲಾಭ ಆಗುತ್ತದೆಯೇ ಅಂತ ಕೇಳಿದ್ದೀರಿ. ಸತ್ವ ಖಂಡಿತ ಇರುತ್ತದೆ. ಆದರೆ ಹಿರೇಮದ್ದಿಗಾಗಿ (ಅಶ್ವಗಂಧಕ್ಕೆ ಕನ್ನಡದ ಹೆಸರು) ಲ್ಯಾಬಿಗೆ ದುಡ್ಡು ಸುರಿಯಬೇಡಿ. ಧಾರವಾಡದಲ್ಲಿ ಅಂಗಾಂಶ ಕೃಷಿಯಲ್ಲೇ, ಅಂದರೆ ಗಿಡದ ತುಣುಕನ್ನು ಲ್ಯಾಬಿನಲ್ಲಿ ಬೆಳೆಸುವುದರಲ್ಲೇ, ಕೆಲಸ ಮಾಡುವವನಾಗಿ ಈ ಮಾತು ಹೇಳುತ್ತಿದ್ದೇನೆ.

ಗಿಡದ ಜೀವಕೋಶಗಳನ್ನು ಬರೀ ಮುದ್ದೆಯಾಗಿ ಬೆಳೆಸಿದರೆ ವಿಥನೊಲೈಡ್, ಅಂದರೆ ಅಶ್ವಗಂಧದ ಔಷಧದ ಸತ್ವ, ಸಿಗುವುದು ತೀರಾ ಕಡಿಮೆ. ಅದೇ ಜೀವಕೋಶಗಳು ಬೇರಿನ ರೂಪ ತಾಳಿದವೋ, ಬೇರು ಮಾಡುವ ರಸಾಯನವನ್ನೆಲ್ಲ ಮಾಡತೊಡಗುತ್ತವೆ. ಹೀಗೆ ಬೇರು ಹೊರಡಿಸಲು ಎರಡು ದಾರಿ. ಐಬಿಎ ಎಂಬ ಹಾರ್ಮೋನು ಕೊಡುವುದು ಒಂದು. ಎಲೆ ತುಂಡಿಗೆ ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಾಗಿಸುವುದು ಇನ್ನೊಂದು. ಅದು ತನ್ನ ಡಿಎನ್ಎದ ಒಂದು ತುಣುಕನ್ನು ಗಿಡದ ಜೀವಕೋಶಕ್ಕೆ ಸೇರಿಸುತ್ತದೆ. ಕೆಲವು ವಾರಗಳಲ್ಲಿ ಗಾಯದ ಅಂಚಿನಿಂದ ಬೆಳ್ಳಗಿನ, ನವಿರು ಕೂದಲು ತುಂಬಿದ ಬೇರುಗಳು ಏಳುತ್ತವೆ. ಆಮೇಲೆ ಅವಕ್ಕೆ ಹಾರ್ಮೋನೂ ಬೇಡ. ಸಕ್ಕರೆ, ಲವಣ ಇರುವ ದ್ರವದಲ್ಲಿ, ಕತ್ತಲಲ್ಲಿ, ಸುಮಾರು 25 ಡಿಗ್ರಿಯಲ್ಲಿ, ಶೇಕರ್ ಎಂಬ ಅಲುಗಾಡಿಸುವ ಯಂತ್ರದ ಮೇಲೆ ತಿರುಗುತ್ತಲೇ ಫ್ಲಾಸ್ಕ್ ತುಂಬ ಹೆಣೆದುಕೊಳ್ಳುತ್ತವೆ. ಕೊಯ್ಲಿಗೆ ಕೆಲವು ದಿನ ಮುಂಚೆ ಮೀಥೈಲ್ ಜಾಸ್ಮೊನೇಟ್ ಎಂಬ ರಾಸಾಯನಿಕ ಹಾಕಿದರೆ ಗಿಡ ತನ್ನ ಮೇಲೆ ದಾಳಿಯಾಯಿತೆಂದು ತಿಳಿದು ಸತ್ವ ಹೆಚ್ಚಿಸುತ್ತದೆ. ಅಶ್ವಗಂಧದ ಇಂಥ ಬೇರಿನಿಂದ ವಿಥನೊಲೈಡ್-ಎ ತೆಗೆದ ಪ್ರಬಂಧ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಿಂದಲೇ 2008ರಲ್ಲಿ ಬಂದಿದೆ.

ತೊಡಕಿರುವುದು ಖರ್ಚಿನಲ್ಲಿ. ಬೇರು ಒಂದಕ್ಕೊಂದು ತೊಡರಿಕೊಂಡು ಗಂಟಾಗಿ, ನಡುವಿನ ಭಾಗಕ್ಕೆ ಗಾಳಿ ಸಿಗದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊರಗಿನ ಒಂದೇ ಒಂದು ಬ್ಯಾಕ್ಟೀರಿಯಾ ಹೊಕ್ಕರೂ ದ್ರವ ಕದಡಿ ಇಡೀ ಬ್ಯಾಚ್ ಹೋಗುತ್ತದೆ. ಎಸಿ, ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವ್, ಹಗಲೂ ರಾತ್ರಿ ಕರೆಂಟು, ಇವೆಲ್ಲದರ ಲೆಕ್ಕ ಹಾಕಿ. ಕೊರಿಯಾದಲ್ಲಿ ಜಿನ್‌ಸೆಂಗ್ ಎಂಬ ಔಷಧಿ ಗಿಡದ ಬೇರನ್ನು 10,000 ಲೀಟರಿನ ಟ್ಯಾಂಕುಗಳಲ್ಲಿ ಬೆಳೆಸುತ್ತಾರೆ ನಿಜ, ಆದರೆ ಹೊಲದಲ್ಲಿ ಆ ಬೇರಿಗೆ 4ರಿಂದ 6 ವರ್ಷ ಬೇಕು. ನಮ್ಮ ಹಿರೇಮದ್ದು 5-6 ತಿಂಗಳಿಗೇ ಕೊಯ್ಲಿಗೆ ಬರುತ್ತದೆ, ಅದೂ ಕಡಿಮೆ ನೀರಲ್ಲಿ.

ನನ್ನ ಆಸೆ ಬೇರೆಯೇ ಇದೆ. ಸರ್ಪಗಂಧದಂಥ, ಬೇರಿಗಾಗಿ ಕಿತ್ತರೆ ಗಿಡವೇ ಹೋಗುವ, ಬೆಳೆಯಲು ವರ್ಷಗಟ್ಟಲೆ ಬೇಕಾದ ಸಸ್ಯಗಳಿಗೆ ಈ ವಿದ್ಯೆ ಬಳಕೆಯಾಗಬೇಕು. 2019ರಲ್ಲಿ ವನ್ಯಜೀವಿ ಧಾಮವಾದ ನಿಮ್ಮ ಗದಗ ಸೀಮೆಯ ಕಪ್ಪತಗುಡ್ಡದಲ್ಲೂ ಔಷಧಿ ಗಿಡಗಳು ಉಳಿಯಬೇಕೆಂದರೆ ಬೇರು ಅಗೆಯುವುದು ನಿಲ್ಲಬೇಕಲ್ಲ!

ನಿಮ್ಮದು ನೀರು ಬಸಿದು ಹೋಗುವ ಮಸಾರಿ ಹೊಲವಾದರೆ ಈ ಮುಂಗಾರಿಗೆ ಅಶ್ವಗಂಧ ಬಿತ್ತಿ. ಎರೆ ಹೊಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬಿತ್ತುವ ಮೊದಲೇ ಕೊಳ್ಳುವವರ ಜೊತೆ ಮಾತಾಡಿಕೊಳ್ಳಿ.