ಕೀ ತೆಗೆದಾಗೆಲ್ಲ ಕಾರಿನ ಹೊಸ ಸ್ಟೀರಿಯೊದಲ್ಲಿ ಗಡಿಯಾರ, ಎಫ್‌ಎಂ ಸ್ಟೇಷನ್ ಎರಡೂ ಅಳಿಸಿ ಹೋಗುವುದೇಕೆ?

ಸೆಟ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಬಹುಮಟ್ಟಿಗೆ ಹಳದಿ, ಕೆಂಪು ವೈರ್‌ಗಳು ಅದಲುಬದಲಾಗಿವೆ.

ಅಂಗಡಿಯಲ್ಲಿ ಕೊಂಡು ಹಾಕಿಸುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್‌ಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಇರಬೇಕು. ಸೆಟ್‌ನ ನೆನಪು ಉಳಿಯುವುದೇ ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಬರುತ್ತದೆ. 'ಆನ್ ಆಗು' ಅಂತ ಹೇಳುವುದಷ್ಟೇ ಅದರ ಕೆಲಸ. ಇವೆರಡೂ ಬದಲಾದರೆ ಕೀ ತೆಗೆದ ಕೂಡಲೇ ನೆನಪಿನ ಕರೆಂಟ್ ನಿಂತುಹೋಗುತ್ತದೆ. ಕೆಲವು ಕಾರುಗಳ ಸಾಕೆಟ್‌ನಲ್ಲೇ ಈ ಎರಡರ ಜಾಗ ಬೇರೆ ಇರುತ್ತದೆ. ಸುಮ್ನೆ ಬಣ್ಣ ನೋಡಿ ನಂಬಬೇಡಿ.

ಮಲ್ಟಿಮೀಟರನ್ನು (ವೋಲ್ಟೇಜ್ ಅಳೆಯುವ ಮೀಟರ್) ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಪ್ರೋಬನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟ್‌ಗೆ ಮುಟ್ಟಿಸಿ. ಕೀ ತೆಗೆದಿರಲಿ. ಮೀಟರ್‌ನ ಕೆಂಪು ಪ್ರೋಬನ್ನು ಒಂದೊಂದೇ ವೈರ್‌ಗೆ ಮುಟ್ಟಿಸಿ ನೋಡಿ. ಕಾರಿನ ಕಡೆಯಿಂದ ಹಳದಿಗೆ ಬರುವ ವೈರ್‌ನಲ್ಲಿ 12ರ ಆಸುಪಾಸು, ಕೆಂಪಿಗೆ ಬರುವುದರಲ್ಲಿ 0 ತೋರಿಸಬೇಕು. ಉಲ್ಟಾ ಬಂತಾ? ಬ್ಯಾಟರಿಯ ಮೈನಸ್ ಕಳಚಿಟ್ಟು ಎರಡನ್ನೂ ಅದಲುಬದಲು ಮಾಡಿ. ಎರಡರಲ್ಲೂ 0 ಬಂದರೆ ಮೊದಲು ಫ್ಯೂಸ್ ನೋಡಿ.

ಒಂದು ಮಾತು, ದಯವಿಟ್ಟು ವೈರ್ ತಿರುಚಿ ಬರೀ ಟೇಪ್ ಸುತ್ತಿ ಬಿಡಬೇಡಿ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಕಾದಾಗ ಟೇಪಿನ ಅಂಟು ಜಾರುತ್ತದೆ. ಒಳಗಿನ ತಾಮ್ರ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಅದು ಬೆಂಕಿಯವರೆಗೂ ಹೋಗಬಹುದು.